ಮಸ್ಟಾಂಗ್‌ನ ಹಿಂದಿನ ಹೌಸಿಂಗ್: ಬಲ ಯಾವುದರಲ್ಲಿದೆ?

ಫೋರ್ಡ್ ಕಂಪನಿಯ ಒಂಬತ್ತು ಇಂಚಿನ ಹಿಂದಿನ ಆಕ್ಸಲ್ 1957ರ ಮಾದರಿಯ ಕಾರುಗಳಲ್ಲಿ ಬಂದು 1986ಕ್ಕೆ ನಿಂತುಹೋಯಿತು. ಅದರ ಜಾಗ ತುಂಬಲೆಂದೇ ತಯಾರಾದ 8.8 ಇಂಚಿನ ಆಕ್ಸಲ್ ಮೊದಲು 1983ರ ಮಾದರಿಯ ಟ್ರಕ್ಕುಗಳಿಗೆ ಬಂತು, 1986ರಲ್ಲಿ ವಿ8 ಇಂಜಿನ್ನಿನ ಮಸ್ಟಾಂಗ್‌ಗೂ ಬಂತು. ಕಾರಿನ ವೇಗ ಹೆಚ್ಚಿಸುವ ಹುಚ್ಚು ಹಿಡಿದ ಅಮೆರಿಕನ್ನರಲ್ಲಿ ಬಹಳ ಜನ ಅಂದಿನಿಂದಲೂ ಈ ಹೊಸಬನನ್ನು ಅನುಮಾನದಿಂದಲೇ ನೋಡುತ್ತ ಬಂದಿದ್ದಾರೆ. ಇಂಜಿನ್ನಿನ ಶಕ್ತಿ ಏರಿಸಿದ ಕೂಡಲೇ 8.8 ಅನ್ನು ಕಿತ್ತು ಒಂಬತ್ತು ಇಂಚಿನದನ್ನು ಕೂರಿಸಬೇಕು, ಅಷ್ಟು ಹಣವಿಲ್ಲದವರು ಇರುವುದಕ್ಕೇ ದಪ್ಪ ಶಾಫ್ಟ್ ಹಾಕಿಕೊಳ್ಳಬೇಕು ಎನ್ನುವುದು ಅಲ್ಲಿ ರೂಢಿಯಾಗಿಬಿಟ್ಟ ಮಾತು. ಈ ಎರಡು ಸಲಹೆಗಳನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದು ಹೆಚ್ಚಿನ ಕಾರುಗಳಿಗೆ ಬೇಕಾಗಿಯೇ ಇಲ್ಲ. ಎರಡನೆಯದು ಬೇಕಾದದ್ದೇ, ಆದರೆ ಅದರ ಸರದಿ ಬರುವುದಕ್ಕೆ ಮುಂಚೆ ಆಗಬೇಕಾದ ಕೆಲಸಗಳು ಬೇಕಾದಷ್ಟಿವೆ.

8.8 ಎಂದರೆ ಆಕ್ಸಲ್ಲಿನ ಹೊರಕವಚದ (ಹೌಸಿಂಗ್) ಒಳಗಿನ ಕ್ರೌನ್ ವೀಲ್‌ನ ವ್ಯಾಸ, ಇಂಚುಗಳಲ್ಲಿ. ಮಿಲಿಮೀಟರಿನಲ್ಲಿ ಹೇಳುವುದಾದರೆ ಒಂದು 223.5, ಇನ್ನೊಂದು 228.6. ಐದು ಮಿಲಿಮೀಟರ್ ವ್ಯತ್ಯಾಸಕ್ಕೆ ಇಷ್ಟೊಂದು ಜಗಳವೇ ಎಂದು ಯಾರಾದರೂ ಕೇಳಬಹುದು. ಜಗಳ ವ್ಯಾಸದ್ದಲ್ಲ, ಕಟ್ಟಿದ ರೀತಿಯದು. ಒಂಬತ್ತು ಇಂಚಿನದರಲ್ಲಿ ಕ್ರೌನ್ ವೀಲು, ಪಿನಿಯನ್ನು, ಡಿಫರೆನ್ಷಿಯಲ್ಲು ಎಲ್ಲ ಒಂದೇ ಗುಂಡಿಗೆಯಾಗಿ ಮುಂಭಾಗದಿಂದ ಬಿಚ್ಚಿ ಹೊರಗೆ ಬರುತ್ತವೆ. ಪಿನಿಯನ್‌ಗೆ ಹಿಂದೆ ಎರಡು ಬೇರಿಂಗ್ ಇದ್ದರೆ ಮೂತಿಯ ಕಡೆಗೂ ಒಂದು ಬೇರಿಂಗ್ ಇದೆ, ಅಂದರೆ ಎರಡೂ ಬದಿಯಲ್ಲಿ ಆಸರೆ. 8.8ರಲ್ಲಿ ನಡುವಿನ ಎರಕದ ಭಾಗವೇ ಹೌಸಿಂಗ್. ಪಿನಿಯನ್‌ನ ಮೂತಿಗೆ ಆಸರೆಯಿಲ್ಲ. ಕೆಲಸವೆಲ್ಲ ಹಿಂದಿನ ಮುಚ್ಚಳ ತೆಗೆದು, ಕಾರಿನ ಕೆಳಗೆ ಮಲಗಿಯೋ ಹೌಸಿಂಗನ್ನೇ ಇಳಿಸಿಕೊಂಡೋ ಮಾಡಬೇಕು. ಹೀಗೆ ನೋಡಿದರೆ ಹಳೆಯದೇ ಮೇಲು. ಆದರೆ ಕಾರು ಬಲದ ಲೆಕ್ಕ ಒಂದರಿಂದಲೇ ಓಡುವುದಿಲ್ಲ.

ಮಸ್ಟಾಂಗ್‌ನ 1987ರಿಂದ 1992ರವರೆಗಿನ 5.0 ಇಂಜಿನ್‌ಗೆ ಕಂಪನಿ ಹೇಳಿದ ಶಕ್ತಿ 225 ಅಶ್ವಶಕ್ತಿ, ಟಾರ್ಕ್ ಸುಮಾರು 407 ನ್ಯೂಟನ್ ಮೀಟರ್. ಟಿ-5 ಗೇರ್‌ಬಾಕ್ಸಿನ ಮೊದಲ ಗೇರ್ ಅದನ್ನು 3.35 ಪಟ್ಟು ಮಾಡುತ್ತದೆ. ಆಮೇಲೆ ಹಿಂದಿನ ಆಕ್ಸಲ್‌ನ ಸರದಿ. ಕಾರ್ಖಾನೆಯಿಂದ ಬರುವ 2.73 ಅನುಪಾತದಲ್ಲಿ ಎರಡು ಚಕ್ರಗಳಿಗೂ ಸೇರಿ ಸುಮಾರು 3,720 ನ್ಯೂಟನ್ ಮೀಟರ್ ತಲುಪುತ್ತದೆ. ಅದೇ ಇಂಜಿನ್ ಇಟ್ಟುಕೊಂಡು ಹಿಂದೆ 3.73 ಅನುಪಾತದ ಕ್ರೌನ್ ಪಿನಿಯನ್ ಹಾಕಿದರೆ ಅದು 5,080 ದಾಟುತ್ತದೆ. ಇಂಜಿನ್ನನ್ನು ಮುಟ್ಟದೆ ಚಕ್ರದ ತಿರುಚುಬಲ ಮೂರನೇ ಒಂದರಷ್ಟು ಏರಿತು! ಮಸ್ಟಾಂಗ್‌ಗೆ ಕೊಟ್ಟ ಹಣಕ್ಕೆ ಇಷ್ಟು ಫಲ ಕೊಡುವ ಬದಲಾವಣೆ ಇನ್ನೊಂದಿಲ್ಲ ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. 100 ಕಿ.ಮೀ. ವೇಗದಲ್ಲಿ ಐದನೇ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 1,500 ಸುತ್ತು ತಿರುಗುತ್ತಿದ್ದದ್ದು 2,070ರ ಹತ್ತಿರ ಹೋಗುತ್ತದೆ. ಹೆದ್ದಾರಿಯಲ್ಲಿ ಅದೇನೂ ಹಿಂಸೆಯಲ್ಲ. ಸ್ಪೀಡೋಮೀಟರಿನ ಗೇರನ್ನೂ ಜೊತೆಗೇ ಬದಲಿಸಬೇಕು, ಅಷ್ಟೆ.

ಆದರೆ ಇದಕ್ಕೊಂದು ಬೆಲೆ ಇದೆ. 2.73ರಲ್ಲಿ ಕ್ರೌನ್ ವೀಲಿಗೆ 41 ಹಲ್ಲು, ಪಿನಿಯನ್‌ಗೆ 15. 3.73ರಲ್ಲಿ 41ಕ್ಕೆ 11. 4.10ರಲ್ಲಿ 41ಕ್ಕೆ 10. ಹಲ್ಲು ಕಡಿಮೆಯಾದ ಹಾಗೆ ಪಿನಿಯನ್‌ನ ತಲೆ ಸಣ್ಣದಾಗುತ್ತ ಹೋಗುತ್ತದೆ. ಹೊರೆ ಏರಿದ ಹೊತ್ತಿನಲ್ಲೇ ಹೊರುವವನು ಸೊರಗುತ್ತಾನೆ. ಬರೀ ಹೆಚ್ಚು ಅನುಪಾತದ ಬೆನ್ನು ಹತ್ತಿ ನಾಲ್ಕೂವರೆಯ ಆಸುಪಾಸಿಗೆ ಹೋದವರು 8.8ರ ಹಲ್ಲು ಉದುರಿತೆಂದು ಕಂಪನಿಯನ್ನು ಬೈಯುವುದು ನ್ಯಾಯವಲ್ಲ. ರಸ್ತೆಯಲ್ಲೂ ಓಡಿಸಿ ಆಗಾಗ ರೇಸಿಗೂ ಒಯ್ಯುವ ಕಾರಿಗೆ 3.55 ಅಥವಾ 3.73 ಸಾಕು. ಅದಕ್ಕಿಂತ ಮೇಲಿನದನ್ನು ಕಾಲು ಮೈಲಿ ಓಟಕ್ಕೆಂದೇ ಮೀಸಲಿಟ್ಟ ಕಾರಿಗೆ ಬಿಡುವುದು ಒಳ್ಳೆಯದು.

ಇನ್ನು ಶಾಫ್ಟಿನ ವಿಷಯ. ಮೇಲೆ ಹೇಳಿದ ವರ್ಷಗಳ, ಫಾಕ್ಸ್ ಮಾದರಿ ಎನ್ನುವ ಮಸ್ಟಾಂಗ್‌ನಲ್ಲಿ ಆಕ್ಸಲ್ ಶಾಫ್ಟಿನ ತುದಿಗೆ 28 ಸ್ಪ್ಲೈನ್, ಅಂದರೆ ಉದ್ದಕ್ಕೆ ಕೊರೆದ ಹಲ್ಲುಗಳು. ದಪ್ಪ ಸುಮಾರು 30.7 ಮಿ.ಮೀ. 31 ಸ್ಪ್ಲೈನಿನದು 33.9 ಮಿ.ಮೀ. ನೋಡಲು ಮೂರೇ ಮಿಲಿಮೀಟರು. ಆದರೆ ತಿರುಚನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುವುದರಿಂದ ಲಾಭ ಮೂರನೇ ಒಂದರಷ್ಟು. ಮೇಲೆ ಹೇಳಿದ 3.73 ತಂದಿಟ್ಟ ಹೆಚ್ಚುವರಿ ಹೊರೆಯೂ ಅಷ್ಟೇ ಎನ್ನುವುದನ್ನು ನೆನಪಿಡಿ. ಅಂದರೆ 31 ಸ್ಪ್ಲೈನ್ ಹಾಕಿಸಿಕೊಂಡವನು ಮುಂದೆ ಹೋಗಲಿಲ್ಲ, ಅನುಪಾತ ಬದಲಿಸಿ ಕಳೆದುಕೊಂಡದ್ದನ್ನು ವಾಪಸು ಪಡೆದ. 35 ಸ್ಪ್ಲೈನ್‌ಗೆ ಹೋದರೆ ದಪ್ಪ 38 ಮಿ.ಮೀ. ಮುಟ್ಟುತ್ತದೆ, ಆದರೆ ಅದಕ್ಕೆ ಒಳಗಿನ ಡಿಫರೆನ್ಷಿಯಲ್ಲೂ ಬೇರೆಯದೇ ಬೇಕು. ಹಣ ಉಳಿಸುವವರಿಗೆ ಇನ್ನೊಂದು ದಾರಿ ಉಂಟು. ಗುಜರಿಯಲ್ಲಿ ಸಿಗುವ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಯ 8.8. ಅದರಲ್ಲಿ ಕಾರ್ಖಾನೆಯೇ 31 ಸ್ಪ್ಲೈನ್ ಕೊಟ್ಟಿದೆ, 1995ರ ಮಾದರಿಯಿಂದ ಡಿಸ್ಕ್ ಬ್ರೇಕೂ ಇದೆ. ಪಟ್ಟಿ ಸ್ಪ್ರಿಂಗಿನ ಕುರ್ಚಿಗಳನ್ನು ಕತ್ತರಿಸಿ, ಮಸ್ಟಾಂಗ್‌ನ ಬ್ರಾಕೆಟ್‌ಗಳನ್ನು ಬೆಸೆಯಬೇಕು. ಪಿನಿಯನ್ ನಡುವಿನಿಂದ ಒಂದು ಪಕ್ಕಕ್ಕೆ ಸರಿದಿರುವುದನ್ನೂ ನಿಭಾಯಿಸಬೇಕು. ವೆಲ್ಡಿಂಗ್ ಗೊತ್ತಿರುವವನಿಗೆ ಇದು ಜಾಣತನದ ಉಳಿತಾಯ. ಗೊತ್ತಿಲ್ಲದವನಿಗೆ ಕೊನೆಗೆ ಹೊಸದಕ್ಕಿಂತ ದುಬಾರಿ.

ಶಾಫ್ಟ್ ಯಾಕೆ ತುಂಡಾಗುತ್ತದೆ ಎನ್ನುವ ಪ್ರಶ್ನೆಯನ್ನು ಈ ರೂಢಿ ಸರಿಯಾಗಿ ಕೇಳಿಕೊಂಡೇ ಇಲ್ಲ. ಸಾಧಾರಣ ಟೈರಿನ ಮೇಲೆ ಕಾರು ನಿಂತಿರುವವರೆಗೆ ಹೊರೆ ಮಿತಿ ಮೀರುವ ಮೊದಲೇ ಟೈರು ಜಾರುತ್ತದೆ. ಜಾರುವ ಟೈರೇ ಆಕ್ಸಲ್ಲಿನ ಕಾವಲು. ಅಂಟು ರಬ್ಬರಿನ ಡ್ರ್ಯಾಗ್ ಟೈರು ಹಾಕಿ, ಇಂಜಿನ್ನನ್ನು ಗರ್ಜಿಸಿ, ಕ್ಲಚ್ಚನ್ನು ಒಮ್ಮೆಲೇ ಬಿಟ್ಟಾಗ ಆ ಕಾವಲು ಹೋಗುತ್ತದೆ. ಆಗ ಬರುವುದು ಇಂಜಿನ್ನಿನ ಟಾರ್ಕ್ ಮಾತ್ರವಲ್ಲ, ತಿರುಗುತ್ತಿದ್ದ ಫ್ಲೈವೀಲಿನ ಕೂಡಿಟ್ಟ ಬಲವೂ ಒಂದೇ ಏಟಿಗೆ ಬಂದು ಬೀಳುತ್ತದೆ. ಇದಕ್ಕಿಂತ ಕೆಟ್ಟದ್ದು ಚಕ್ರದ ಕುಪ್ಪಳಿಕೆ. ಹಿಡಿತ ಸಿಕ್ಕಾಗ ಹೌಸಿಂಗ್ ತಾನೇ ಮೇಲಕ್ಕೆ ಮೂತಿ ಎತ್ತಿ ಸುತ್ತಿಕೊಳ್ಳುತ್ತದೆ, ಟೈರು ಹಿಡಿತ ಬಿಡುತ್ತದೆ, ಹೌಸಿಂಗ್ ಹಿಂದಕ್ಕೆ ಬಡಿಯುತ್ತದೆ, ಟೈರು ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಇದು ಹಲವು ಸಲ ನಡೆದರೆ ಪ್ರತಿ ಸಲವೂ ಸುತ್ತಿಗೆಯ ಏಟು ಬೀಳುವುದು ಪಿನಿಯನ್ ಹಲ್ಲಿಗೆ ಮತ್ತು ಶಾಫ್ಟಿನ ಸ್ಪ್ಲೈನಿಗೆ. ಒಂದೇ ಸಮನೆ ಎಳೆದರೆ ವರ್ಷಗಟ್ಟಲೆ ತಡೆಯುವ ಭಾಗ ಈ ಕುಪ್ಪಳಿಕೆಯಲ್ಲಿ ಒಂದು ಸಂಜೆಗೆ ಮುಗಿದುಹೋಗುತ್ತದೆ.

ಫೋರ್ಡ್‌ಗೆ ಇದು ಗೊತ್ತಿತ್ತು. ಹೌಸಿಂಗ್ ಸುತ್ತಿಕೊಳ್ಳುವುದನ್ನು ತಡೆಯಲು ಎರಡು ಮಾಮೂಲಿ ಶಾಕ್ ಅಬ್ಸಾರ್ಬರಿನ ಜೊತೆಗೆ ಅಡ್ಡಡ್ಡವಾಗಿ ಇನ್ನೆರಡನ್ನು ಅದೇ ಜೋಡಿಸಿತ್ತು. ಆದರೆ ಮೂಲ ದೋಷ ಇರುವುದು ತೋಳುಗಳಲ್ಲಿ. ಹಿಂದಿನ ಆಕ್ಸಲನ್ನು ಹಿಡಿದಿರುವ ನಾಲ್ಕು ತೋಳುಗಳೂ ಮಡಚಿದ ತಗಡಿನವು, ಅವುಗಳ ಬುಷ್‌ಗಳು ಮೆತ್ತನೆಯ ರಬ್ಬರಿನವು. ಮೂವತ್ತು ವರ್ಷ ದಾಟಿದ ಕಾರಿನಲ್ಲಿ ಆ ರಬ್ಬರ್ ಬಿರಿದು ತೂತು ಅಗಲವಾಗಿರುತ್ತದೆ. ನನ್ನ ಮಟ್ಟಿಗೆ ಆಕ್ಸಲ್ ಗಟ್ಟಿ ಮಾಡುವ ಕೆಲಸ ಇಲ್ಲಿಂದಲೇ ಶುರುವಾಗಬೇಕು: ಕೆಳಗಿನ ಎರಡು ತೋಳುಗಳನ್ನು ಚೌಕ ಪೈಪಿನವಕ್ಕೆ ಬದಲಿಸಿ, ಗಟ್ಟಿ ಬುಷ್ ಹಾಕಬೇಕು. ದಪ್ಪ ಶಾಫ್ಟಿನ ಬೆಲೆಗೆ ಹೋಲಿಸಿದರೆ ಇದರ ಖರ್ಚು ಏನೂ ಅಲ್ಲ.

ಮೇಲಿನ ತೋಳುಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಅವು ಓರೆಯಾಗಿ ಕೂತು ಆಕ್ಸಲ್ ಅಡ್ಡ ಸರಿಯದಂತೆಯೂ ನೋಡಿಕೊಳ್ಳುತ್ತವೆ. ಕಾರು ತಿರುವಿನಲ್ಲಿ ವಾಲಿದಾಗ ಆ ಜ್ಯಾಮಿತಿ ತನ್ನಷ್ಟಕ್ಕೆ ತಾನೇ ಬಿಗಿದುಕೊಳ್ಳುತ್ತದೆ. ರಬ್ಬರ್ ಬುಷ್ ಸ್ವಲ್ಪ ಬಗ್ಗುವುದರಿಂದಲೇ ಚಕ್ರ ಮೇಲೆ ಕೆಳಗೆ ಆಡಲು ಆಗುತ್ತಿರುವುದು. ಅಲ್ಲಿಯೂ ಗಟ್ಟಿ ಬುಷ್ ತುರುಕಿದರೆ ನೇರ ರಸ್ತೆಯಲ್ಲಿ ಕಾರು ಬಾಣದಂತೆ ಹೋಗುತ್ತದೆ, ಮಳೆಯ ದಿನ ತಿರುವಿನಲ್ಲಿ ಹಿಂಭಾಗ ಹೇಳದೆ ಕೇಳದೆ ಜಾರಿಬಿಡುತ್ತದೆ. ನಾಲ್ಕೂ ತೋಳಿಗೆ ಒಂದೇ ಬಗೆಯ ಗಟ್ಟಿ ಬುಷ್ ಕಿಟ್ ಮಾರುವವರನ್ನು ನಾನು ನಂಬುವುದಿಲ್ಲ. ಇನ್ನೊಂದು ಮಾತು: ತೋಳುಗಳು ಬಾಡಿಗೆ ಸೇರುವ ತಗಡಿನ ಪೆಟ್ಟಿಗೆಗಳು ಈ ಕಾರಿನ ಹಳೆಯ ದುರ್ಬಲ ಜಾಗ. ಆಕ್ಸಲ್ ಮುರಿಯದಂತೆ ಮಾಡಿದ ಮೇಲೆ ಹರಿಯುವುದು ಅವೇ. ಒಳಗಡೆ ಬಲಪಟ್ಟಿ ಹಾಕಿ ಬೆಸೆಯುವ ಕೆಲಸವನ್ನು ಆಕ್ಸಲ್ಲಿನ ಲೆಕ್ಕದಲ್ಲೇ ಸೇರಿಸಿಕೊಳ್ಳಬೇಕು.

ಈಗ ಹೌಸಿಂಗ್. 8.8ರ ನಡುವಿನ ಭಾಗ ಎರಕದ್ದು, ಎರಡು ಬದಿಯ ಕೊಳವೆಗಳು ಉಕ್ಕಿನವು. ಕೊಳವೆಗಳನ್ನು ಎರಕದೊಳಗೆ ಒತ್ತಿ ಕೂರಿಸಿ, ತೂತಿನ ಮೂಲಕ ಅಲ್ಲಲ್ಲಿ ಬೆಸುಗೆಯ ಬೊಟ್ಟು ಇಟ್ಟಿರುತ್ತಾರೆ. ದಿನನಿತ್ಯದ ಓಡಾಟಕ್ಕೆ ಅದು ಧಾರಾಳ ಸಾಕು. ರೇಸಿನ ಹೊರೆಯಲ್ಲಿ ಆ ಬೊಟ್ಟುಗಳು ತುಂಡಾಗಿ ಕೊಳವೆ ಎರಕದೊಳಗೇ ತಿರುಗಿದ ಉದಾಹರಣೆಗಳು ಬೇಕಾದಷ್ಟಿವೆ. ಕೊಳವೆ ತಿರುಗಿತೆಂದರೆ ಪಿನಿಯನ್‌ನ ಕೋನ ಹೋಯಿತು, ಕಾರಿನ ನಡುಕ ಬಂತು. ಆದ್ದರಿಂದ ಸುತ್ತ ಬೆಸುಗೆ ಹಾಕಿಸುವುದು ಸರಿಯಾದ ಕೆಲಸವೇ. ಎಡವಟ್ಟಾಗುವುದು ಹಾಕುವ ರೀತಿಯಲ್ಲಿ. ಎರಕದ ಕಬ್ಬಿಣಕ್ಕೂ ಉಕ್ಕಿಗೂ ಬೆಸುಗೆ ಕೂರಬೇಕಾದರೆ ಮೊದಲು ಹದವಾಗಿ ಬಿಸಿ ಮಾಡಬೇಕು, ಎರಕಕ್ಕೆ ಒಗ್ಗುವ ಕಡ್ಡಿ ಬಳಸಬೇಕು, ಒಂದು ಕಡೆ ಒಂದು ಇಂಚು ಹಾಕಿ ಎದುರು ಬದಿಗೆ ಹೋಗಬೇಕು, ನಿಧಾನವಾಗಿ ಆರಲು ಬಿಡಬೇಕು. ಒಂದೇ ಉಸಿರಿಗೆ ಸುತ್ತಲೂ ಎಳೆದರೆ ಕೊಳವೆ ಬಾಳೆಯ ಹಣ್ಣಿನಂತೆ ಬಾಗುತ್ತದೆ. ಬಾಗಿದ ಹೌಸಿಂಗಿನಲ್ಲಿ ಎಂಥ ದುಬಾರಿ ಶಾಫ್ಟೂ ಬೇರಿಂಗನ್ನು ತಿಂದುಹಾಕುತ್ತದೆ. ಬೆಸುಗೆಯ ನಂತರ ಈ ತುದಿಯಿಂದ ಆ ತುದಿಗೆ ನೇರ ಸರಳು ತೂರಿಸಿ ಅಳೆದು, ಬಾಗಿದ್ದರೆ ನೆಟ್ಟಗೆ ಮಾಡುವವನು ಮಾತ್ರ ಈ ಕೆಲಸಕ್ಕೆ ಯೋಗ್ಯ. ಸರಳು ಇಲ್ಲದ ಗ್ಯಾರೇಜಿನಲ್ಲಿ ಬೆಸುಗೆ ಹಾಕಿಸುವುದಕ್ಕಿಂತ ಕಾರ್ಖಾನೆಯ ಬೊಟ್ಟುಗಳನ್ನೇ ನಂಬಿಕೊಂಡಿರುವುದು ಮೇಲು.

ಹಿಂದಿನ ಮುಚ್ಚಳದ ಬದಲಿಗೆ ದಪ್ಪ ಅಲ್ಯೂಮಿನಿಯಂ ಎರಕದ ಮುಚ್ಚಳ ಮಾರುತ್ತಾರೆ. ಅದರೊಳಗಿಂದ ಎರಡು ಬೋಲ್ಟ್ ಬಂದು ಬೇರಿಂಗ್ ಕ್ಯಾಪುಗಳಿಗೆ ಒತ್ತಿ ನಿಲ್ಲುತ್ತವೆ. ಭಾರಿ ಹೊರೆಯಲ್ಲಿ ಕ್ರೌನ್ ವೀಲು ಪಿನಿಯನ್‌ನಿಂದ ದೂರ ಸರಿಯಲು ನೋಡುವಾಗ ಈ ಆಸರೆ ಉಪಯೋಗಕ್ಕೆ ಬರುತ್ತದೆ. ಬೋಲ್ಟುಗಳನ್ನು ಮುಟ್ಟಿಸಿ ನಿಲ್ಲಿಸಬೇಕೇ ಹೊರತು ಬಿಗಿದು ಕ್ಯಾಪನ್ನು ಒತ್ತಬಾರದು. ರಸ್ತೆಯ ಕಾರಿಗೆ ಇದು ಹೆಚ್ಚಾಗಿ ಅಲಂಕಾರ.

ಜೀವಕ್ಕೆ ಸಂಬಂಧಿಸಿದ ವಿಷಯ ಸಿ-ಕ್ಲಿಪ್. ಶಿರಾಡಿ ಘಾಟಿಯಲ್ಲಿ ಆಕ್ಸಲ್ ತುಂಡಾಗಿ ನಿಂತ ಲಾರಿಗಳನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಶಾಫ್ಟ್ ಎರಡು ತುಂಡಾದರೂ ಚಕ್ರ ತನ್ನ ಜಾಗದಲ್ಲೇ ಇರುತ್ತದೆ. ಹಬ್ಬಿನ ಬೋಲ್ಟ್ ಬಿಚ್ಚಿ, ಚಕ್ರ ಕಳಚದೆಯೇ ತುಂಡನ್ನು ಎಳೆದು ಹೊಸದನ್ನು ತೂರಿಸುತ್ತಾರೆ. ಅಲ್ಲಿ ಭಾರ ಹೊರುವುದು ಹೌಸಿಂಗ್ ಮೇಲೆ ಕೂತ ಹಬ್ಬು, ಶಾಫ್ಟಿನ ಕೆಲಸ ತಿರುಗಿಸುವುದಷ್ಟೇ. ಮಸ್ಟಾಂಗ್‌ನ 8.8ರಲ್ಲಿ ಹಾಗಿಲ್ಲ. ಚಕ್ರ ಶಾಫ್ಟಿನ ತುದಿಗೇ ಕೂತಿದೆ. ಆ ಶಾಫ್ಟು ಹೊರಗೆ ಜಾರದಂತೆ ಹಿಡಿದಿರುವುದು ಒಳತುದಿಯ ತೋಡಿನಲ್ಲಿ ಸಿಕ್ಕಿಸಿದ ಒಂದು ಸಣ್ಣ ಉಕ್ಕಿನ ಕ್ಲಿಪ್. ಶಾಫ್ಟ್ ಎಲ್ಲಿ ತುಂಡಾದರೂ ಹೊರಗಿನ ತುಂಡು, ಚಕ್ರ, ಬ್ರೇಕ್ ಡ್ರಮ್ಮು ಒಟ್ಟಿಗೆ ಕಾರನ್ನು ಬಿಟ್ಟು ಹೊರಡಲು ಸ್ವತಂತ್ರ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ, ಕಾಲು ಮೈಲಿಯನ್ನು 10.99 ಸೆಕೆಂಡಿನಲ್ಲಿ ಅಥವಾ ಅದಕ್ಕಿಂತ ಬೇಗ ಮುಗಿಸುವ ಕಾರುಗಳಿಗೆ ಗಟ್ಟಿ ಶಾಫ್ಟನ್ನೂ ಅದನ್ನು ಹೊರಗಿನಿಂದ ಹಿಡಿಯುವ ಏರ್ಪಾಡನ್ನೂ ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕೆ.

ಈ ಏರ್ಪಾಡಿನಲ್ಲಿ ಎರಡು ಬಗೆ. ಒಂದು, ಇರುವ ಕೊಳವೆಯ ತುದಿಗೇ ಬೋಲ್ಟ್ ಹಾಕಿ ಕೂರಿಸುವ ಕಿಟ್. ಇನ್ನೊಂದು, ತುದಿಯನ್ನು ಕತ್ತರಿಸಿ ಒಂಬತ್ತು ಇಂಚಿನ ಆಕ್ಸಲ್ಲಿನ ತುದಿಯನ್ನು ಬೆಸೆದು, ಶಾಫ್ಟಿಗೆ ಒತ್ತಿ ಕೂರಿಸಿದ ಬೇರಿಂಗನ್ನು ಪ್ಲೇಟಿನಿಂದ ಹಿಡಿಯುವುದು. ಮೊದಲನೆಯದು ಅಗ್ಗ, ಆದರೆ ತಿರುವಿನ ಅಡ್ಡ ಹೊರೆಗೆ ಅದರ ಬೇರಿಂಗ್ ಬೇಗ ಸೋಲುತ್ತದೆ, ಎಣ್ಣೆ ಸೋರಿ ಬ್ರೇಕಿಗೆ ಹತ್ತುತ್ತದೆ. ರಸ್ತೆಯಲ್ಲಿ ಓಡುವ ಕಾರಿಗೆ ಅದನ್ನು ಹಾಕಬಾರದು. ರೇಸಿಗೆ ಹೋಗುವವರು ಎರಡನೆಯದಕ್ಕೆ ಹಣ ಕೊಡಬೇಕು. ರಸ್ತೆಯಲ್ಲೇ ಇರುವವರು ಸಿ-ಕ್ಲಿಪ್ಪನ್ನೇ ಉಳಿಸಿಕೊಂಡು ಒಳ್ಳೆಯ ಶಾಫ್ಟ್ ಹಾಕಿಕೊಂಡರೆ ಸಾಕು. ಹಳೆಯ ಶಾಫ್ಟನ್ನೇ ಮತ್ತೆ ಬಳಸುವವರು ಒಂದು ಪರೀಕ್ಷೆ ಮಾಡಲೇಬೇಕು. 8.8ರಲ್ಲಿ ಹೊರಗಿನ ಬೇರಿಂಗಿಗೆ ಒಳಬಳೆ ಇಲ್ಲ, ರೋಲರುಗಳು ಶಾಫ್ಟಿನ ಮೈಮೇಲೆಯೇ ಉರುಳುತ್ತವೆ. ಆ ಜಾಗವನ್ನು ಒರೆಸಿ ಉಗುರು ಎಳೆದು ನೋಡಿ. ಉಗುರು ಎಲ್ಲಾದರೂ ತಡೆದರೆ, ಸಣ್ಣ ಗುಳಿ ಸಿಕ್ಕರೆ, ಆ ಶಾಫ್ಟ್ ಮುಗಿಯಿತು. ಅದರ ಮೇಲೆ ಹೊಸ ಬೇರಿಂಗ್ ಹಾಕುವುದು ಹಣ ಸುಟ್ಟಂತೆ.

ಡಿಫರೆನ್ಷಿಯಲ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಾರ್ಖಾನೆಯ ಟ್ರ್ಯಾಕ್ಷನ್-ಲಾಕ್‌ನಲ್ಲಿ ಒಂದರ ಮೇಲೊಂದು ಜೋಡಿಸಿದ ಘರ್ಷಣೆ ತಟ್ಟೆ, ಉಕ್ಕಿನ ತಟ್ಟೆ, ಅವನ್ನು ಒತ್ತಿ ಹಿಡಿಯುವ ಎಸ್ ಆಕಾರದ ಸ್ಪ್ರಿಂಗು. ತಟ್ಟೆ ಸವೆದಾಗ ಒಂದೇ ಚಕ್ರ ತಿರುಗಿ ಹೊಗೆ ಬರುತ್ತದೆ. ಹೊಸ ತಟ್ಟೆಗಳನ್ನು ಎಣ್ಣೆಯಲ್ಲಿ ನೆನೆಸಿ ಹಾಕಿ, ಅದಕ್ಕೆಂದೇ ಇರುವ ಘರ್ಷಣೆ ನಿಯಂತ್ರಕವನ್ನು ಎಣ್ಣೆಯೊಂದಿಗೆ ಸುರಿದರೆ ಮತ್ತೆ ಹೊಸದರ ಹಾಗೆ ಕೆಲಸ ಮಾಡುತ್ತದೆ. ರಸ್ತೆಯ ಕಾರಿಗೆ ಇದು ಸಾಕು. ವೃತ್ತಾಕಾರದ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಟಾರ್ಸನ್ ಮಾದರಿಯ ಗೇರಿನ ಡಿಫರೆನ್ಷಿಯಲ್ ಮೇಲು. ಅದರಲ್ಲಿ ಸವೆಯುವ ತಟ್ಟೆಯೇ ಇಲ್ಲ. ಎರಡು ಶಾಫ್ಟನ್ನೂ ಶಾಶ್ವತವಾಗಿ ಒಂದು ಮಾಡಿಬಿಡುವ ಸ್ಪೂಲನ್ನು ಕೆಲವರು ಊರಿನೊಳಗೂ ಓಡಿಸುತ್ತಾರೆ. ಪ್ರತಿ ತಿರುವಿನಲ್ಲೂ ಒಂದು ಟೈರನ್ನು ಎಳೆದುಕೊಂಡು ಹೋಗುತ್ತ, ಆ ಎಳೆತವನ್ನೆಲ್ಲ ಶಾಫ್ಟಿನ ಮೇಲೆ ಹಾಕುತ್ತ ಓಡುವ ಅಂಥ ಕಾರನ್ನು ಗಟ್ಟಿ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಇಷ್ಟೆಲ್ಲ ಭಾಗ ಕೊಂಡು ತಂದರೂ ಆಕ್ಸಲ್ಲಿನ ಆಯುಷ್ಯ ತೀರ್ಮಾನವಾಗುವುದು ಜೋಡಣೆಯ ಮೇಜಿನಲ್ಲಿ. ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕು ಎನ್ನುವುದನ್ನು ಅದರ ತಲೆಗೂ ಒಳಬೇರಿಂಗಿಗೂ ನಡುವೆ ಇಡುವ ತೆಳು ಬಳೆ, ಅಂದರೆ ಶಿಮ್, ಹೇಳುತ್ತದೆ. ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿ, ನೋಡಿ, ಸರಿಯಿಲ್ಲದಿದ್ದರೆ ಎಳೆದು, ಶಿಮ್ ಬದಲಿಸಿ, ಮತ್ತೆ ಒತ್ತಬೇಕು. ಬಲ್ಲ ಕೈಗಳು ಒಂದು ಹಳೆಯ ಬೇರಿಂಗಿನ ಒಳಬಳೆಯನ್ನು ಉಜ್ಜಿ ಕೈಯಲ್ಲೇ ಜಾರುವಂತೆ ಮಾಡಿಟ್ಟುಕೊಂಡಿರುತ್ತಾರೆ. ಆಳ ಸರಿಯಾಗುವವರೆಗೂ ಅದನ್ನೇ ಬಳಸಿ, ಕೊನೆಗೆ ಹೊಸದನ್ನು ಒತ್ತುತ್ತಾರೆ. ಕೆಲಸಗಾರನ ಮೇಜಿನ ಮೇಲೆ ಅಂಥದ್ದೊಂದು ಬೇರಿಂಗ್ ಕಂಡರೆ ನನಗೆ ಅರ್ಧ ಧೈರ್ಯ ಬರುತ್ತದೆ. ಆಮೇಲೆ ಪ್ಲೇ. ಪಿನಿಯನ್ ಹಿಡಿದು ಕ್ರೌನ್ ವೀಲನ್ನು ಅಲುಗಿಸಿದಾಗ ಹಲ್ಲಿನ ನಡುವೆ ಇರುವ ಸಡಿಲಕ್ಕೆ ಫೋರ್ಡ್ ಕೊಟ್ಟ ಮಿತಿ 0.20ರಿಂದ 0.38 ಮಿ.ಮೀ. ಡಿಫರೆನ್ಷಿಯಲ್ಲಿನ ಎಡಬಲದ ಶಿಮ್‌ಗಳಲ್ಲಿ ಒಂದು ಕಡೆ ತೆಗೆದಷ್ಟನ್ನು ಇನ್ನೊಂದು ಕಡೆ ಸೇರಿಸಿ ಇದನ್ನು ಹೊಂದಿಸಬೇಕು. ಕಾರ್ಖಾನೆಯ ಶಿಮ್‌ಗಳು ಎರಕದವು, ಸುತ್ತಿಗೆ ಬಿದ್ದರೆ ಒಡೆಯುತ್ತವೆ.

ಹಲ್ಲುಗಳಿಗೆ ಹಳದಿ ಬಣ್ಣದ ಗುರುತಿನ ಗ್ರೀಸ್ ಹಚ್ಚಿ, ಕ್ರೌನ್ ವೀಲಿಗೆ ಮರದ ತುಂಡಿನಿಂದ ತಡೆ ಕೊಟ್ಟು, ಪಿನಿಯನ್ನನ್ನು ಎರಡೂ ದಿಕ್ಕಿಗೆ ತಿರುಗಿಸಿದಾಗ ಹಲ್ಲು ಹಲ್ಲಿಗೆ ತಾಗಿದ ಜಾಗದಲ್ಲಿ ಬಣ್ಣ ಅಳಿಸಿ ಒಂದು ಅಚ್ಚು ಮೂಡುತ್ತದೆ. ಓದಬೇಕಾದದ್ದು ಅದನ್ನು. ಅಚ್ಚು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ ಹೆಚ್ಚು ಒಳಗೆ ಹೋಗಿದೆ, ಶಿಮ್ ಕಡಿಮೆ ಮಾಡಬೇಕು. ತುದಿಗೆ ಏರಿದ್ದರೆ ಪಿನಿಯನ್ ದೂರದಲ್ಲಿದೆ, ಶಿಮ್ ಸೇರಿಸಬೇಕು. ಎತ್ತರದಲ್ಲಿ ನಟ್ಟನಡುವೆ, ಉದ್ದದಲ್ಲಿ ಹಲ್ಲಿನ ಒಳತುದಿಯ ಕಡೆಗೆ ಒಂದಿಷ್ಟು ಸರಿದಿದ್ದರೆ ಒಳ್ಳೆಯದು, ಏಕೆಂದರೆ ಹೊರೆ ಬಿದ್ದಾಗ ತಾಗುವ ಜಾಗ ಹೊರಕ್ಕೆ ಸರಿಯುತ್ತದೆ. ಮುಂದಕ್ಕೆ ಎಳೆಯುವ ಬದಿಯ ಅಚ್ಚು ಚೆನ್ನಾಗಿದ್ದು ಹಿಂಬದಿಯದು ಕೆಟ್ಟಿದ್ದರೆ ಕಾರು ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಊಳಿಡುತ್ತದೆ. ಊಳಿಡುವ ಆಕ್ಸಲ್ ಎಷ್ಟೇ ದಪ್ಪವಿದ್ದರೂ ತನ್ನನ್ನು ತಾನು ಉಜ್ಜಿಕೊಳ್ಳುತ್ತಿರುತ್ತದೆ.

ಪಿನಿಯನ್ ಬೇರಿಂಗಿನ ಬಿಗಿತದ ಬಗ್ಗೆಯೂ ಒಂದು ಮಾತು. ಎರಡು ಬೇರಿಂಗಿನ ನಡುವೆ ಕಾರ್ಖಾನೆ ಒಂದು ತೆಳು ಕೊಳವೆಯನ್ನು ಹಾಕಿರುತ್ತದೆ, ನಟ್ಟು ಬಿಗಿದಾಗ ಅದು ನಜ್ಜುಗುಜ್ಜಾಗಿ ಕುಗ್ಗುತ್ತದೆ. ಹೊಸ ಬೇರಿಂಗಿನಲ್ಲಿ ಪಿನಿಯನ್ ತಿರುಗಿಸಲು 1.8ರಿಂದ 3.3 ನ್ಯೂಟನ್ ಮೀಟರ್ ಬೇಕಾಗುವ ತನಕ ಬಿಗಿಯಬೇಕು. ಒಂದೆಳೆ ಹೆಚ್ಚಾದರೆ ಹಿಂದಕ್ಕೆ ತಿರುಗಿಸುವ ಹಾಗಿಲ್ಲ, ಬಿಚ್ಚಿ ಹೊಸ ಕೊಳವೆ ಹಾಕಬೇಕು. ಅವಸರದವರು ನಟ್ಟನ್ನು ಸ್ವಲ್ಪ ಸಡಿಲಿಸಿ ಸುಮ್ಮನಾಗುತ್ತಾರೆ, ರೇಸಿನ ಮೊದಲ ಏಟಿಗೇ ಪಿನಿಯನ್ ಮುಂದೆ ಹಿಂದೆ ಆಡುತ್ತದೆ. ಈ ಮೆದು ಕೊಳವೆಯ ಬದಲು ಗಟ್ಟಿ ಸ್ಪೇಸರ್ ಹಾಕಿ ಶಿಮ್‌ಗಳಿಂದ ಬಿಗಿತ ಹೊಂದಿಸುವುದು ಬೇಸರದ ಕೆಲಸ, ಸಮಯ ಹಿಡಿಯುತ್ತದೆ. ಆದರೆ 8.8ರ ಬಾಳಿಕೆಗಾಗಿ ಅದರೊಳಗೆ ಮಾಡಬಹುದಾದ ಬದಲಾವಣೆಗಳಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಗುಣ ಕೊಡುವುದು ಬೇರೊಂದಿಲ್ಲ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ. ಹೊಗಳುವವರು ಕಡಿಮೆ, ಏಕೆಂದರೆ ಮುಚ್ಚಳ ಹಾಕಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಕಟ್ಟಿ ಮುಗಿದ ಮೇಲೆ ಮೊದಲ ದಿನ ಹದಿನೈದಿಪ್ಪತ್ತು ನಿಮಿಷ ಮೆತ್ತಗೆ ಓಡಿಸಿ ಪೂರ್ತಿ ತಣಿಯಲು ಬಿಡಬೇಕು. 800 ಕಿ.ಮೀ. ತನಕ ಜೋರು ಮಾಡದೆ, ಆಮೇಲೆ ಎಣ್ಣೆ ಬದಲಿಸಬೇಕು. ಬಹಳ ಕ್ರೌನ್ ಪಿನಿಯನ್‌ಗಳು ಸಾಯುವುದು ಈ ತಾಳ್ಮೆಯಿಲ್ಲದ ಮೊದಲ ವಾರದಲ್ಲೇ.

ಹಾಗಾದರೆ ಒಂಬತ್ತು ಇಂಚಿನದಕ್ಕೆ ಜಾಗ ಎಲ್ಲಿ? ಅದರ ಬಲವನ್ನು ಅಲ್ಲಗಳೆಯುವ ಹುಂಬತನ ನನಗಿಲ್ಲ. ಅಮೆರಿಕದ ಕಾರ್ ರೇಸ್ ಸರಣಿ ನ್ಯಾಸ್‌ಕಾರ್‌ನ ಮೇಲಿನ ದರ್ಜೆಯಲ್ಲಿ ಶೆವ್ರೊಲೆ, ಟೊಯೋಟಾ ಹೆಸರಿನ ಕಾರುಗಳೂ 2021ರವರೆಗೆ ಇದೇ ವಿನ್ಯಾಸದ ಆಕ್ಸಲ್ ಹೊತ್ತು ಓಡಿದವು. 2022ರ ಹೊಸ ಮಾದರಿ ಬಂದ ಮೇಲೆ ಬಿಟ್ಟವು. ವಾರವಾರವೂ ಅನುಪಾತ ಬದಲಿಸಬೇಕಾದವರಿಗೆ, ಇಡೀ ಗುಂಡಿಗೆಯನ್ನೇ ಬಿಚ್ಚಿ ಇನ್ನೊಂದು ಕೂರಿಸುವ ಅನುಕೂಲಕ್ಕೆ ಸಮನಾದದ್ದು 8.8ರಲ್ಲಿ ಇಲ್ಲ. ಸಾವಿರ ಅಶ್ವಶಕ್ತಿಯ ಡ್ರ್ಯಾಗ್ ಕಾರಿಗೂ ಅದೇ ಸರಿ. ಆದರೆ ಅದರ ಪಿನಿಯನ್ ಕ್ರೌನ್ ವೀಲಿನ ನಡುರೇಖೆಗಿಂತ ಬಹಳ ಕೆಳಗೆ ಕೂತಿದೆ. ಹಲ್ಲುಗಳು ಒಂದರ ಮೇಲೊಂದು ಹೆಚ್ಚು ಜಾರುತ್ತವೆ, ಅಷ್ಟರಮಟ್ಟಿಗೆ ಶಕ್ತಿ ಶಾಖವಾಗಿ ಹೋಗುತ್ತದೆ. ಹೌಸಿಂಗೂ ಭಾರ, ಸ್ಪ್ರಿಂಗಿನ ಕೆಳಗಿನ ಆ ಭಾರವನ್ನು ರಸ್ತೆಯ ಪ್ರತಿ ಗುಂಡಿಯೂ ಲೆಕ್ಕ ಹಾಕುತ್ತದೆ. ಮುನ್ನೂರು, ನಾನೂರು ಅಶ್ವಶಕ್ತಿಯ ರಸ್ತೆಯ ಕಾರಿಗೆ ಇದನ್ನು ಹಾಕುವುದು ಪ್ರತಿಷ್ಠೆಯ ಖರ್ಚು.

8.8 ಸಾಲದು ಎನ್ನುವವರಿಗೆ ಫೋರ್ಡ್ ತಾನೇ ಉತ್ತರ ಕೊಟ್ಟಿದೆ. 2013ರ ಶೆಲ್ಬಿ ಜಿಟಿ500 ಮಸ್ಟಾಂಗ್‌ನ ಶಕ್ತಿ 662 ಅಶ್ವಶಕ್ತಿ. ಅದರ ಹಿಂದೆ ಇದ್ದದ್ದು 3.31 ಅನುಪಾತದ 8.8 ಇಂಚಿನ ಆಕ್ಸಲ್. ಕೊಳವೆ, ಶಾಫ್ಟು, ತೋಳು ಎಲ್ಲವನ್ನೂ ಹೊಸದಾಗಿ ರೂಪಿಸಿದ್ದರು ಎನ್ನುವುದು ನಿಜ, ಆದರೆ ಕ್ರೌನ್ ವೀಲಿನ ಅಳತೆ ಅದೇ. ಹಳೆಯ 8.8ಕ್ಕೂ ಇದಕ್ಕೂ ನಡುವಿನ ವ್ಯತ್ಯಾಸವೆಲ್ಲ ಇರುವುದು ಕ್ರೌನ್ ವೀಲನ್ನು ಹಿಡಿದಿರುವ ಭಾಗಗಳಲ್ಲಿ, ಕೂರಿಸಿದ ರೀತಿಯಲ್ಲಿ. 2015ರಲ್ಲಿ ಮಸ್ಟಾಂಗ್ ಸ್ವತಂತ್ರ ಹಿಂಬದಿ ಸಸ್ಪೆನ್ಷನ್‌ಗೆ ಹೊರಳಿತು. ಅದಕ್ಕೂ ಮುಂಚಿನ ಲಕ್ಷಾಂತರ ಕಾರುಗಳ ಕೆಳಗೆ 8.8 ಇನ್ನೂ ತಿರುಗುತ್ತಿದೆ.

ಅಂಥ ಕಾರೊಂದು ನಿಮ್ಮ ಬಳಿ ಇದ್ದು, ಅದರ ಆಕ್ಸಲ್ ಕಟ್ಟಲು ಕೊಟ್ಟಿದ್ದರೆ ಭಾಗಗಳ ಬಿಲ್ಲು ನೋಡಿ ತೃಪ್ತಿಪಡಬೇಡಿ. ಪ್ಲೇ ಎಷ್ಟು ಬಂತು, ಪಿನಿಯನ್ ಬಿಗಿತ ಎಷ್ಟು ಎಂದು ಬರೆದ ಚೀಟಿಯನ್ನೂ ಹಲ್ಲಿನ ಎರಡೂ ಬದಿಯ ಅಚ್ಚಿನ ಫೋಟೋವನ್ನೂ ಕೇಳಿ. ಕೊಡಲು ಹಿಂಜರಿಯುವವರ ಬಳಿ ಹೌಸಿಂಗ್ ಬಿಡಬೇಡಿ.